ಅಕ್ಕೋರು ತಂದ ಮಣ್ಣು

ಹೋದ ವಾರ ಪಕ್ಕದ ಮನೆಯ ಬಾಡಿಗೆಯವರು ಕಂಪೌಂಡಿನ ಬುಡದಲ್ಲಿ ಕೆಂಪಿರುವೆ ಎದ್ದಿವೆಯೆಂದು ಒಂದು ಪಾತ್ರೆ ಕುದಿಯುವ ನೀರು ತಂದು ಸುರಿದರು. ನಾನು ಇತ್ತ ಬಟ್ಟೆ ಒಣಹಾಕುತ್ತಿದ್ದೆ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಎಲ್ಲರಿಗೂ ಇಷ್ಟ. ಕುದಿಯುವ ನೀರು ಬಿದ್ದ ಮಣ್ಣಿನ ವಾಸನೆ ಬೇರೆ. ಅದರಲ್ಲಿ ಬೆಂದ ಬೇರು, ಸತ್ತ ಹುಳ, ಮುಚ್ಚಿಟ್ಟ ಕೋಣೆ ಎಲ್ಲ ಇರುತ್ತದೆ. ಕೈಯಲ್ಲಿದ್ದ ಒದ್ದೆ ಸೀರೆಯನ್ನು ಬುಟ್ಟಿಗೇ ಹಾಕಿ ಒಳಗೆ ಬಂದು ಕುಳಿತೆ. ಇಷ್ಟು ವರ್ಷವಾದರೂ ಆ ವಾಸನೆ ಬಂದರೆ ನನಗೆ ಹೊರಗೆ ನಿಲ್ಲಲಾಗುವುದಿಲ್ಲ...

ಆ ಮನೆಯಲ್ಲಿ ಮೊದಲು ಅಕ್ಕೋರು ಇದ್ದರು. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನೆಲ್ಲ ಅಕ್ಕೋರು ಎಂದೇ ಕರೆಯುತ್ತೇವೆ. ಆದರೆ ನನಗೆ ಅಕ್ಕೋರು ಅಂದರೆ ಅವರೊಬ್ಬರೇ. ಹುನಗುಂದದಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ವಿಜ್ಞಾನ ಕಲಿಸಿದವರು. ಮುಂದೆ ನಾನು ಮದುವೆಯಾಗಿ ಬಾಗಲಕೋಟೆಯ ನವನಗರಕ್ಕೆ ಬಂದಾಗ, ಹೊಸ ಸೊಸೆಯನ್ನು ನೋಡಲು ಬಂದ ನೆರೆಯ ಹೆಂಗಸರ ನಡುವೆ ಅದೇ ಕನ್ನಡಕ, ಅದೇ ಇಳಕಲ್ ಸೀರೆಯ ಅಕ್ಕೋರು ನಿಂತಿದ್ದರು. ಅವರಿಗೆ ತಮ್ಮ ಊರಾದ ಬಾಗಲಕೋಟೆಗೇ ವರ್ಗವಾಗಿತ್ತಂತೆ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಇದ್ದ ಒಬ್ಬಳೇ ಮಗಳು ಸಣ್ಣವಳಿದ್ದಾಗಲೇ ಜ್ವರದಲ್ಲಿ ಹೋಗಿದ್ದಳು. ಅದನ್ನು ನನಗೆ ಹೇಳಿದವರು ನನ್ನ ಅತ್ತೆ. ಅಕ್ಕೋರು ತಾವಾಗಿ ಎಂದೂ ಆ ಮಾತು ತೆಗೆದವರಲ್ಲ.

ನಾನು ಹುಟ್ಟಾ ಅಂಜುಬುರುಕಿ. ಹಲ್ಲಿ ಲೊಚಗುಟ್ಟಿದರೆ ಅಂಜಿಕೆ, ಲೊಚಗುಟ್ಟದಿದ್ದರೆ ಎಲ್ಲಿ ಹೋಯಿತೆಂದು ಅಂಜಿಕೆ. ತರಗತಿಯಲ್ಲಿ ಹುಡುಗಿಯರು ನನ್ನ ಹೆಗಲ ಮೇಲೆ ಒಣ ಎಲೆ ಬಿಟ್ಟು ನಗುತ್ತಿದ್ದರು. ಅಂಜಿದವರ ಮೇಲೆ ಕಪ್ಪೆ ಎಸೆಯುವುದು ಜನರಿಗೆ ಮೊದಲಿನಿಂದಲೂ ಆಟ. ಅಕ್ಕೋರು ಮಾತ್ರ ನಗುತ್ತಿರಲಿಲ್ಲ. ಅಂಜಿಕೆ ಅನ್ನುವುದು ಅವರಿಗೆ ನೆಗಡಿಯ ಹಾಗೆ, ಬರುತ್ತದೆ, ಇರುತ್ತದೆ, ಅದಕ್ಕೆ ನಾಚಿಕೆಪಡುವುದೇನು ಎಂಬ ಧಾಟಿ.

ಒಮ್ಮೆ ಶ್ರಾವಣದಲ್ಲಿ ನಮ್ಮನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದರು. ಎಲ್ಲರೂ ಗುಹೆ ನೋಡಲು ಓಡಿದರೆ ಅಕ್ಕೋರು ಹೊಂಡದ ಆಚೆ ಕೆಂಪು ಬಂಡೆಯಿಂದ ನೀರು ತೊಟ್ಟಿಕ್ಕುವಲ್ಲಿ ನಿಂತುಬಿಟ್ಟರು. ಬಂಡೆಯ ಮೈಗೆ ಹಸಿರು ತೊಗಲು ಅಂಟಿದಂತೆ ಏನೋ ಹಬ್ಬಿತ್ತು. ಉಗುರಿನಿಂದ ಒಂದು ಚೂರು ಎಬ್ಬಿಸಿ ನನ್ನ ಅಂಗೈ ಮೇಲಿಟ್ಟರು.

“ಇದಕ್ಕ ಬೇರ ಇಲ್ಲ, ನೋಡ್ರಿ. ಮೊದಲ ಮೊದಲ ನೀರು ಬಿಟ್ಟು ದಂಡಿಗೆ ಬಂದ ಗಿಡಗೊಳಿಗೂ ಬೇರ ಇರಲಿಲ್ಲ. ಹಿಂದ ನೀರು, ಮುಂದ ಬರೇ ಬಂಡಿಗಲ್ಲ. ಎಷ್ಟ ಅಂಜಿರಬೇಕು ಅವು!”

ಗಿಡಗಳೂ ಅಂಜುತ್ತವೆ ಎಂದು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ನಾನು ಅಪರೂಪಕ್ಕೆ ಬಾಯಿ ಬಿಟ್ಟು ಕೇಳಿದೆ, “ಮತ್ತ ಹೆಂಗ ಬದುಕಿದ್ವುರೀ ಅಕ್ಕೋರ?”

“ಬೂಷ್ಟು ಕೈ ಹಿಡೀತವಾ. ಕಲ್ಲಿನ್ಯಾಗಿನ ಸತ್ವ ತಗದ ಕೊಡ್ತು. ಗಿಡ ಬಿಸಲಾಗ ಅಡಗಿ ಮಾಡಿ ಅದಕ್ಕ ಉಣಿಸ್ತು. ಒಂದಕ್ಕೊಂದು ಆಸರಾದುವು. ಇವತ್ತಿಗೂ ಬಹುತೇಕ ಗಿಡದ ಬೇರಿನ ಒಳಗ ಅದು ಮನಿ ಮಾಡಿಕೊಂಡ ಐತಿ.”

ಪುಸ್ತಕದಲ್ಲಿ ಅದಕ್ಕೆ ಶಿಲೀಂಧ್ರ ಎಂಬ ದೊಡ್ಡ ಹೆಸರಿತ್ತು. ಅಕ್ಕೋರ ಬಾಯಲ್ಲಿ ಅದು ರೊಟ್ಟಿಗೆ ಬರುವ ಬೂಷ್ಟಿನ ದೂರದ ನೆಂಟ. ಸಮಾಧಾನವಾಗಿದ್ದ ನನಗೆ ಈ ಕೊನೆಯ ಮಾತಿನಿಂದ ಹೊಸ ಅಂಜಿಕೆ ಹತ್ತಿತು. ಬೇರಿನ ಒಳಗೆ ಕಣ್ಣಿಗೆ ಕಾಣದ ಏನೋ ಜೀವ ಕೂತಿದೆ ಅಂದರೆ? ಮುಂದೆ ಕೆಲವು ದಿನ ನಾನು ಮೂಲಂಗಿ ಮುಟ್ಟಲಿಲ್ಲ. ಅವ್ವನಿಂದ ಬೈಸಿಕೊಂಡೆ.

ಅದೆಲ್ಲ ಮರೆತೇ ಹೋಗಿತ್ತು. ನವನಗರಕ್ಕೆ ಬಂದ ಮೇಲೆ ನಮಗೆ ಬೇರೆ ಚಿಂತೆಗಳಿದ್ದವು. ಹಳೆ ಬಾಗಲಕೋಟೆಯ ಓಣಿಗಳು ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ಜನ ಎಲ್ಲ ಎತ್ತರದ ಈ ಬಯಲಿಗೆ ಬಂದು ಮನೆ ಕಟ್ಟಿಕೊಂಡಿದ್ದರು. ನೆಲವೆಲ್ಲ ಗರಸು, ಕಲ್ಲು ಬೆರೆತ ಗಟ್ಟಿ ಮಣ್ಣು. ಹಾರೆ ಹೊಡೆದರೆ ಕಿಡಿ ಹಾರುತ್ತಿತ್ತು. ಹಳೆ ಮನೆಯ ಹಿತ್ತಲಿನಲ್ಲಿ ಕೈಯಿಂದ ಎಸೆದ ಬೀಜವೂ ಬರುತ್ತಿತ್ತು, ಇಲ್ಲಿ ಮಲ್ಲಿಗೆ ಹಚ್ಚಿದರೂ ಕಡ್ಡಿಯಾಗುತ್ತದೆ ಎಂದು ಅತ್ತೆ ದಿನಾ ಬೈಯುತ್ತಿದ್ದರು. ಯಾರನ್ನು ಬೈಯುತ್ತಿದ್ದರೋ ಗೊತ್ತಿಲ್ಲ.

ಆ ವರ್ಷ ಮಳೆಗಾಲ ಶುರುವಾಗುತ್ತಲೇ ನೀರು ಇನ್ನೂ ಏರುತ್ತದೆ, ಹೊಳೆದಂಡೆಯ ರುದ್ರಭೂಮಿಯೂ ಮುಳುಗುತ್ತದೆ ಎಂಬ ಮಾತು ಹಬ್ಬಿತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಹೂಳುತ್ತೇವೆ. ಅಪ್ಪ, ಅಜ್ಜ ಎಲ್ಲ ಅಲ್ಲೇ ಕೂತಿರುತ್ತಾರೆ. ಜನ ಗುಂಪುಗುಂಪಾಗಿ ಹೋಗಿ ಕಾಯಿ ಒಡೆದು, ಅತ್ತು ಬಂದರು. ಅಕ್ಕೋರು ಅಳುವವರ ಜೊತೆ ಹೋಗಲಿಲ್ಲ. ತಮ್ಮ ಅಂಗಳದಲ್ಲಿ ಆಳು ಹಚ್ಚಿ ಒಂದು ದೊಡ್ಡ ಗುಣಿ ತೋಡಿಸಿದರು.

ಮಗಳ ಸಮಾಧಿಯ ಪಕ್ಕ ಅವರು ಒಂದು ಪತ್ರಿ ಗಿಡ, ಅಂದರೆ ಬಿಲ್ವ, ಹಚ್ಚಿದ್ದರು. ಅದು ಬೆಳೆದು ಮರವಾಗಿ, ಬೇರಿನಿಂದ ಒಂದು ಮರಿ ಎದ್ದಿತ್ತು. ಮರ ಮುಳುಗುತ್ತದೆ, ಮರಿಯನ್ನಾದರೂ ತರುತ್ತೇನೆ ಎಂಬುದು ಅವರ ಹಟ. ಬರೀ ಸಸಿ ತಂದರೆ ಈ ಗರಸಿನಲ್ಲಿ ಬೇರು ಹಿಡಿದು ಹತ್ತುವುದಿಲ್ಲ, ಅದು ಹುಟ್ಟಿದ ಮಣ್ಣೂ ಜೊತೆಗೆ ಬರಬೇಕು ಎಂದರು. ಒಂದು ಮುಂಜಾನೆ ಟೆಂಪೋದಲ್ಲಿ ಮಣ್ಣಿನ ಚೀಲಗಳು ಬಂದಿಳಿದವು.

ನಾನು ಆಗ ಬಸುರಿ. ಅದಕ್ಕೆ ಮೊದಲಿನದೊಂದು ನಿಂತಿರಲಿಲ್ಲ. ಈ ಸಲ ನಾನು ಉಸಿರಾಡುವುದಕ್ಕೂ ಅಂಜುತ್ತಿದ್ದೆ, ಅತ್ತೆ ನನಗಿಂತ ಹೆಚ್ಚು ಅಂಜುತ್ತಿದ್ದರು. ಅಕ್ಕೋರು ಚೀಲ ಬಿಚ್ಚಿ ಗುಣಿಗೆ ಸುರಿಯುವಾಗ ನಾವಿಬ್ಬರೂ ಕಂಪೌಂಡಿನ ಮೇಲಿಂದ ನೋಡುತ್ತಿದ್ದೆವು. ಕರಿ ಮಣ್ಣು ಹೆಂಟೆಹೆಂಟೆಯಾಗಿ ಬಿತ್ತು. ಒಂದು ಹೆಂಟೆ ಒಡೆದು ಒಳಗಿನಿಂದ ಬಿಳಿ ಬಿಳಿ ಎಳೆಗಳು ಕಂಡವು, ತೆಳ್ಳಗೆ, ಒಂದಕ್ಕೊಂದು ಹೆಣೆದುಕೊಂಡು.

“ಕೂದಲಾ! ಯವ್ವಾ, ಕೂದಲಾ!” ಅತ್ತೆ ಚೀರಿ ನನ್ನ ಕಣ್ಣು ಮುಚ್ಚಿದರು. ಅವರ ಅಂಗೈ ಬೆವರಿತ್ತು.

“ಕೂದಲಲ್ಲ ಯಕ್ಕಾ. ಬೂಷ್ಟು. ಎಲಿ ತಪ್ಪಲ ಕೊಳತಲ್ಲಿ ಹುಟ್ಟತೈತಿ,” ಅಂದರು ಅಕ್ಕೋರು. ಆಮೇಲೆ ನನ್ನತ್ತ ತಿರುಗಿ, “ನನಗ ಬೇಕಾದ್ದು ಇದೂ ಅಲ್ಲ ತಂಗಿ. ಅದು ಕಣ್ಣಿಗೆ ಕಾಣಂಗಿಲ್ಲ. ಬೇರಿನಾಗ ಇರತೈತಿ, ಬೇರಿನ ಸುತ್ತಿನ ಮಣ್ಣಾಗ ಇರತೈತಿ. ಬಾದಾಮ್ಯಾಗ ಹೇಳಿದ್ದೆ, ಮರತಿ ಏನು?” ಅಂದರು.

ಮರೆತಿರಲಿಲ್ಲ, ಅದೇ ತೊಂದರೆ. ಕಾಣುವ ಎಳೆಗಳಿಗೇ ಜೀವ ಹೋಗುವಷ್ಟು ಹೆದರಿದವಳಿಗೆ, ಕಾಣದ್ದು ಇನ್ನೊಂದಿದೆ ಎಂದು ಗುರುತಿನವರೇ ಹೇಳಿದರೆ ಹೇಗಾಗಬೇಡ?

ಸಂಜೆ ಹೊತ್ತಿಗೆ ಓಣಿಯೆಲ್ಲ ಅದೇ ಮಾತು. ಅಕ್ಕೋರು ಸುಡುಗಾಡ ಮಣ್ಣು ತಂದು ಮನೆ ಮುಂದೆ ಹಾಕ್ಯಾರಂತ. ಎದುರು ಮನೆಯವರು ಮಕ್ಕಳನ್ನು ಒಳಗೆ ಕರೆದುಕೊಂಡರು. ಅತ್ತೆ ತಡೆಯಲಾರದೆ ಕಂಪೌಂಡಿಗೆ ಬಂದು ನಿಂತರು. ಜಗಳಕ್ಕೆ ಬಂದವರ ಹಾಗೆ ನಿಂತಿದ್ದರೂ ಕೇಳಿದ್ದು ಬೇಡಿಕೊಳ್ಳುವವರ ದನಿಯಲ್ಲಿ.

“ನಮ್ಮ ಹುಡುಗಿ ಹೊಟ್ಟ್ಯಾಗ ಕೂಸ ಐತ್ರಿ ಅಕ್ಕೋರ. ಗೋಡಿಗೆ ಹತ್ತೇ ಸುಡುಗಾಡ ಮಣ್ಣ ತಂದ ಇಟ್ಟೀರಲ್ಲ...”

ಅಕ್ಕೋರು ಗುಣಿಯ ಪಕ್ಕ ಕುಳಿತು ಮಣ್ಣಿನ ಹೆಂಟೆ ಮೆಲ್ಲಗೆ ಒಡೆಯುತ್ತಿದ್ದರು. ತಲೆ ಎತ್ತಲಿಲ್ಲ.

“ನನ್ನ ಕೂಸೂ ಐತಿ ಯಕ್ಕಾ ಇದರಾಗ,” ಅಂದರು.

ಅತ್ತೆ ಒಳಗೆ ಬಂದರು. ಊಟಕ್ಕೆ ಕುಳಿತವರು ತಾಟು ಮುಟ್ಟದೆ ಎದ್ದರು. ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಲಗಿದೆ. ಗೋಡೆಯ ಆಚೆ ಮಣ್ಣಿನಲ್ಲಿರುವುದು ಎಳೆ ಎಳೆಯಾಗಿ ಬುನಾದಿಯೊಳಗೆ ನುಸುಳಿ ನನ್ನ ಹಾಸಿಗೆಯ ತನಕ ಬರುತ್ತಿದೆ ಎಂದು ಅನಿಸುತ್ತಿತ್ತು. ಈಗ ಬರೆಯುವಾಗ ನಗು ಬರಬೇಕು. ಬರುವುದಿಲ್ಲ.

ಮರುದಿನ ಅಕ್ಕೋರು ಸಸಿಯನ್ನೂ ತಂದರು. ಬುಡದ ಮಣ್ಣು ಉದುರದಂತೆ ತೊಯ್ಸಿದ ಗೋಣಿತಟ್ಟಿನಲ್ಲಿ ಸುತ್ತಿ ನೆರಳಿಗಿಟ್ಟರು. ಸಾಲಿಯಲ್ಲಿ ಪರೀಕ್ಷೆ ಇತ್ತು, ರಜೆ ಸಿಗುವಂತಿರಲಿಲ್ಲ. ಸಂಜೆ ಬಿಸಿಲು ತಗ್ಗಿದ ಮೇಲೆ ಹಚ್ಚುತ್ತೇನೆ, ಯಾರೂ ಮುಟ್ಟುವುದು ಬೇಡ ಎಂದು ಹೇಳಿ ಹೋದರು. ನನಗೆ ಆವತ್ತು ಬೆಳಗಿನಿಂದ ವಾಂತಿ. ಒಳಗಿನ ಕೋಣೆಯಲ್ಲಿ ಕಣ್ಣು ಮುಚ್ಚಿ ಬಿದ್ದಿದ್ದೆ. ಅತ್ತೆ ಬಚ್ಚಲ ಒಲೆಗೆ ಉರಿ ಹಾಕುವ ಸದ್ದು, ಹಂಡೆಯಿಂದ ನೀರು ತೋಡುವ ಸದ್ದು, ಮತ್ತೆ ಮತ್ತೆ ಹೊರಗೆ ಹೋಗುವ ಕಾಲಿನ ಸದ್ದು ಕೇಳಿಸುತ್ತಿತ್ತು. ಹಾಸಿಗೆ ಬಟ್ಟೆ ಒಗೆಯುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಆ ವಾಸನೆ ಬಂತು.

ನಾನು ಗೋಡೆ ಹಿಡಿದು ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎರಡೂ ಮನೆಗಳ ನಡುವಿನ ಸಣ್ಣ ಗೇಟು ತೆರೆದಿತ್ತು. ಅಕ್ಕೋರ ಗುಣಿಯಿಂದ ಹಬೆ ಏಳುತ್ತಿತ್ತು. ಅತ್ತೆ ಒಂದು ಮಣೆ ಹಾಕಿಕೊಂಡು ಕುಳಿತು, ತೊಡೆಯ ಮೇಲೆ ಸಸಿಯನ್ನು ಅಡ್ಡ ಇಟ್ಟುಕೊಂಡು, ಅರಿಶಿನದ ಉಗುರುಬೆಚ್ಚನೆಯ ನೀರಿನಲ್ಲಿ ಅದರ ಬೇರು ತೊಳೆಯುತ್ತಿದ್ದರು. ಒಂದೊಂದೇ ಬೇರು ಹಿಡಿದು, ಸಂದಿಸಂದಿಯಲ್ಲಿ ಬೆರಳಾಡಿಸಿ, ಮಣ್ಣಿನ ಒಂದು ಕಣವೂ ಉಳಿಯದ ಹಾಗೆ. ಬಾಣಂತಿ ಮನೆಯಲ್ಲಿ ಕೂಸಿಗೆ ಎರೆಯುವವರು ಎರೆಯುವುದು ಹಾಗೇ. ಏನೋ ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಲೂ ಇದ್ದರು.

ಬತ್ತಲೆ ಬೇರು ಬೆಳ್ಳಗೆ ಕಂಡದ್ದೇ ನನಗೆ ಬಾದಾಮಿಯ ಬಂಡೆ ನೆನಪಾಯಿತು. ಆಸರೆಯಾಗಿದ್ದ ಬೂಷ್ಟೆಲ್ಲ ಬೆಂದು, ತೊಳೆದು ಹೋಗಿತ್ತು.

ಸಂಜೆ ಅಕ್ಕೋರು ಬಂದರು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದುರಿಗೆ ಹೋದರು. ಎರಡು ದಿನದಿಂದ ಬಾಡಿದ್ದ ಅವರ ಮುಖ ಅರಳಿತ್ತು.

“ಸುಡುಗಾಡಕ್ಕ ಹೋಗಿ ಬಂದವರಿಗೆ ನೀರ ಹಾಕಿ ಒಳಗ ಕರಕೋತೇವಲ್ರಿ ಅಕ್ಕೋರ. ನಿಮ್ಮ ಮಗಳಿಗೂ ಎರದೇನಿ, ಮಣ್ಣಿಗೂ ಎರದೇನಿ. ಇನ್ನ ನನಗೇನೂ ಅಂಜಿಕಿ ಇಲ್ಲ. ಹಚ್ರಿ ನೀವು, ನಾನೂ ದಿನಾ ನೀರ ಹಾಕ್ತೇನಿ.”

ಅಕ್ಕೋರು ಚಪ್ಪಲಿ ಬಿಡುವುದನ್ನೂ ಮರೆತು ಗುಣಿಯ ಅಂಚಿಗೆ ಕುಳಿತರು. ಮಣ್ಣಿನೊಳಗೆ ಮುಂಗೈಯವರೆಗೆ ಕೈ ಇಳಿಸಿದರು. ಅದು ಇನ್ನೂ ಬೆಚ್ಚಗಿತ್ತೆಂದು ಕಾಣುತ್ತದೆ. ಬಹಳ ಹೊತ್ತು ಕೈ ತೆಗೆಯಲಿಲ್ಲ. ನಾನು ಕಂಪೌಂಡಿನ ಈಚೆ ನಿಂತು ಅವರು ಈಗ ಕೂಗುತ್ತಾರೆ, ಈಗ ಅಳುತ್ತಾರೆ ಎಂದು ಕಾಯುತ್ತಿದ್ದೆ. ಕೂಗಿದ್ದರೆ ಎಷ್ಟೋ ಚೆನ್ನಾಗಿತ್ತು.

“ಚಲೋ ಆತು ಯಕ್ಕಾ,” ಅಂದರು ಕೊನೆಗೆ.

ಸಸಿಯನ್ನು ಹಚ್ಚಿದರು. ಬೆಳಕು ಹರಿಯುತ್ತಲೇ ನನ್ನ ಗಂಡನನ್ನು ಎಬ್ಬಿಸಿ, ಬೈಕಿನ ಹಿಂದೆ ಕುಳಿತು ಹಳೆ ಊರಿಗೆ ಹೋದರು. ಒಂದು ಬೊಗಸೆ ಮಣ್ಣು ಸಿಕ್ಕರೂ ಸಾಕಿತ್ತು. ಮೇಲಿನ ಊರುಗಳ ಮಳೆಗೆ ಹೊಳೆ ತುಂಬಿ ಬಂದಿತ್ತು. ರುದ್ರಭೂಮಿಗೆ ಇಳಿಯುವ ದಾರಿಯೇ ನೀರಿನೊಳಗೆ ಹೋಗಿ, ಆಚೆ ಗಿಡಗಳ ತಲೆ ಮಾತ್ರ ಕಾಣುತ್ತಿತ್ತಂತೆ. ಅಕ್ಕೋರು ಸೀರೆ ಎತ್ತಿ ಕಟ್ಟಿ ನೀರಿಗಿಳಿದರಂತೆ. ನನ್ನ ಗಂಡ ರಟ್ಟೆ ಹಿಡಿದು ಎಳೆದು ತಂದ. ಅವನು ಅದನ್ನು ನನಗೊಬ್ಬಳಿಗೇ ಹೇಳಿದ, ಅವ್ವನಿಗೆ ಹೇಳಬೇಡ ಎಂದ. ಖಾಲಿ ಚೀಲ ಮಡಿಸಿ ಹಿಡಿದು, ಮೊಣಕಾಲ ತನಕ ತೊಯ್ದ ಸೀರೆಯಲ್ಲಿ ಅಕ್ಕೋರು ಗೇಟು ತೆಗೆದು ಬಂದದ್ದು ನನ್ನ ಕಣ್ಣಿಗೆ ಕಟ್ಟಿದೆ.

ಆಮೇಲಿನ ದಿನಗಳು... ದಿನಾ ಸಾಲಿಗೆ ಹೋಗುವ ಮೊದಲು ಅಕ್ಕೋರು ಸಸಿಯ ಮುಂದೆ ಬಗ್ಗಿ, ಕಾಂಡವನ್ನು ಉಗುರಿನಿಂದ ಒಂದಿಷ್ಟು ಕೆರೆದು ನೋಡುತ್ತಿದ್ದರು. ಸಿಪ್ಪೆಯ ಕೆಳಗೆ ಹಸಿರಿದ್ದರೆ ಜೀವ ಇದೆ. ನಾನು ಇತ್ತ ರಂಗೋಲಿ ಹಾಕುವ ನೆಪದಲ್ಲಿ ಅವರ ಮುಖ ನೋಡುತ್ತಿದ್ದೆ. ಮೊದಮೊದಲು ತುದಿಯಲ್ಲೇ ಹಸಿರಿತ್ತು. ಕೆಲವು ದಿನ ಕಳೆದು ಅವರು ನಡುವೆ ಕೆರೆಯಬೇಕಾಯಿತು. ಆಮೇಲೆ ಕುಳಿತು ಬುಡದ ಹತ್ತಿರ ಕೆರೆಯತೊಡಗಿದರು. ಸಾವು ಮೇಲಿನಿಂದ ಇಳಿಯುತ್ತಿತ್ತು, ಅವರ ಉಗುರು ಅದರ ಹಿಂದೆಯೇ ಇಳಿಯುತ್ತಿತ್ತು. ನನಗಂತೂ ಒಂದು ಹುಚ್ಚು ಹಿಡಿಯಿತು. ಆ ಸಸಿ ಚಿಗುರಿದರೆ ನನ್ನ ಕೂಸು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಮನಸ್ಸು ಹೇಳತೊಡಗಿತು. ಒಮ್ಮೆ ತಡೆಯದೆ ಕೇಳಿಯೂ ಬಿಟ್ಟೆ.

“ಹತ್ತತೈತೇನ್ರಿ ಅಕ್ಕೋರ?”

“ಗೊತ್ತಿಲ್ಲ ತಂಗಿ. ಒಂದ ಬೇರಿನಾಗ ಎಲ್ಲೆರ ಅಷ್ಟ ಉಳಿದಿದ್ರ...” ಅಂದು ನಿಲ್ಲಿಸಿ, ನನ್ನ ಹೊಟ್ಟೆಯನ್ನೂ ಮುಖವನ್ನೂ ನೋಡಿದರು. “ನೀ ಇದನ್ನ ನೋಡಬ್ಯಾಡ. ತವರಮನಿಗೆ ಹೋಗ. ನಿಂದ ಬ್ಯಾರೆ, ಇದ ಬ್ಯಾರೆ. ಕೇಳಿದ್ಯಾ?”

ಬಸುರಿಗೆ ಮಾಡುವ ಕುಬುಸದ ಶಾಸ್ತ್ರ ಮುಗಿಸಿ ನನ್ನನ್ನು ಹುನಗುಂದಕ್ಕೆ ಕಳಿಸಿದರು. ಮಗಳು ಹುಟ್ಟಿದಳು. ಅತ್ತಳು, ಹಾಲು ಕುಡಿದಳು, ಕೈಕಾಲು ಬಡಿದಳು. ನಾನು ಮಾತ್ರ ರಾತ್ರಿಯಿಡೀ ಅವಳ ಮೂಗಿನ ಹತ್ತಿರ ಬೆರಳು ಹಿಡಿದು ಕೂರುತ್ತಿದ್ದೆ. ತೊಟ್ಟಿಲ ಕೂಸನ್ನು ಎತ್ತಿಕೊಂಡು ನವನಗರಕ್ಕೆ ಮರಳಿದಾಗ ಮೊದಲು ನೋಡಿದ್ದು ಕಂಪೌಂಡಿನ ಆಚೆಗೆ. ಗುಣಿಯಲ್ಲಿ ಒಂದು ಒಣ ಕಡ್ಡಿ ನಿಂತಿತ್ತು. ಅಕ್ಕೋರು ಅದನ್ನು ಕಿತ್ತಿರಲಿಲ್ಲ.

ಅತ್ತೆ ಸೊರಗಿ ಹೋಗಿದ್ದರು. ಮೊಮ್ಮಗಳನ್ನು ಎತ್ತಿಕೊಳ್ಳಲೂ ಹಿಂದೆಮುಂದೆ ನೋಡುತ್ತಿದ್ದರು. ಒಂದು ದಿನ ಅಕ್ಕೋರು ಕೂಸಿಗೆ ಅಂಗಿ ತಂದಿದ್ದರು. ಅವರು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಾಗ ಅತ್ತೆ ಎದುರಿಗೆ ಬಂದು ಕುಳಿತರು. ಬಹಳ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು ಕೊನೆಗೆ ಹೊರಬಂತು.

“ಖರೆ ಹೇಳ್ರಿ ಅಕ್ಕೋರ. ನನ್ನ ನೀರಿಂದನ ಒಣಗಿತೇನ್ರಿ ಅದು? ಆ ಕೂಸಿನ ಶಾಪ ಈ ಕೂಸಿಗೆ...”

ನಾನು ಅಕ್ಕೋರ ಮುಖವನ್ನೇ ನೋಡುತ್ತಿದ್ದೆ. ನಿಜ ಏನೆಂದು ಆ ಮನೆಯಲ್ಲಿ ನಮ್ಮಿಬ್ಬರಿಗೆ ಗೊತ್ತಿತ್ತು. ಹೌದು ಎಂದರೆ ಅತ್ತೆ ಉಳಿಯುತ್ತಿರಲಿಲ್ಲ.

“ಏನ ಮಾತಂತ ಆಡ್ತೀರಿ ಯಕ್ಕಾ,” ಅಂದರು ಅಕ್ಕೋರು, ಕೂಸಿನ ಅಂಗಾಲು ಸವರುತ್ತ. “ಈ ನವನಗರದ ಗರಸಿನ್ಯಾಗ ಪತ್ರಿ ಗಿಡ ಹತ್ತಂಗೇ ಇಲ್ಲ. ನೀವು ನೀರ ಹಾಕಿದ್ರೂ ಅಷ್ಟ, ಬಿಟ್ಟಿದ್ರೂ ಅಷ್ಟ. ನನ್ನ ಹುಚ್ಚಿಗೆ ನಾ ಅದನ್ನ ತಂದೆ.”

ಅಷ್ಟು ಹೇಳಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ತರಗತಿಯಲ್ಲಿ ಪಿಸುಗುಟ್ಟುವವರನ್ನು ನೋಡುತ್ತಿದ್ದ ಅದೇ ನೋಟ. ನಾನು ಬಾಯಿ ಮುಚ್ಚಿಕೊಂಡೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಎದ್ದು ಚಹಾ ಮಾಡಲು ಹೋದರು.

ಒಳಗೊಳಗೇ ನನಗೆ ಇನ್ನೊಂದು ಅಂಜಿಕೆ ಇತ್ತು. ನಮ್ಮ ಓಣಿಯ ಆಚೆಯ ಗುಡಿಯ ಮುಂದೆ ಅದೇ ಗರಸಿನಲ್ಲಿ ಒಂದು ಪತ್ರಿ ಗಿಡ ಸೊಂಪಾಗಿ ಬೆಳೆದಿತ್ತು. ಅತ್ತೆ ಸೋಮವಾರ ಸೋಮವಾರ ಪೂಜೆಗೆ ಪತ್ರಿ ತರುತ್ತಿದ್ದದ್ದು ಅಲ್ಲಿಂದಲೇ. ಅಕ್ಕೋರಿಗೆ ಅದು ಹೊಳೆಯಲಿಲ್ಲವೋ, ಹೊಳೆದೂ ಬೇರೆ ಸುಳ್ಳು ಸಿಗಲಿಲ್ಲವೋ. ಮುಂದೆ ಕೆಲವೇ ದಿನಕ್ಕೆ ಅತ್ತೆ ಆ ಗುಡಿಗೆ ಹೋಗುವುದನ್ನು ಬಿಟ್ಟರು. ಮೊಣಕಾಲು ನೋವು ಅಂದರು, ನಾನು ನಂಬಿದೆ.

ಮಗಳು ಅಕ್ಕೋರ ಮನೆಯಲ್ಲೇ ಬೆಳೆದಳೆಂದರೂ ತಪ್ಪಿಲ್ಲ. ಅಕ್ಷರ ಅಲ್ಲೇ, ಲೆಕ್ಕ ಅಲ್ಲೇ, ಜ್ವರ ಬಂದರೆ ಮಲಗುವುದೂ ಅಲ್ಲೇ. ಅವಳು ಸಣ್ಣಗೆ ಕೆಮ್ಮಿದರೆ ನಾನು ಅಂಗಳದಲ್ಲಿ ನಿಂತು “ಅಕ್ಕೋರ” ಎಂದು ಕೂಗುತ್ತಿದ್ದೆ. “ಬಂದೆವಾ, ಅಂಜಬ್ಯಾಡ” ಎಂದು ಕಂಪೌಂಡಿನ ಆಚೆಯಿಂದ ದನಿ ಬರುತ್ತಿತ್ತು. ಆ ದನಿಯ ಆಸರೆಯಲ್ಲಿ ನಾನು ಇಷ್ಟು ವರ್ಷ ಬದುಕಿದೆ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಇಳಕಲ್‌ನಿಂದ ತಮ್ಮನ ಮಕ್ಕಳು ಬಂದರು. ನವನಗರದ ಆಚೆ ಹೊಸ ರುದ್ರಭೂಮಿಯಲ್ಲಿ ಗುಣಿ ತೆಗೆಯಲು ಮಧ್ಯಾಹ್ನದವರೆಗೂ ಹಾರೆ ಬಡಿಯಬೇಕಾಯಿತು. ಅತ್ತೆ ಎದ್ದು ನಡೆಯುವ ಸ್ಥಿತಿಯಲ್ಲಿರಲಿಲ್ಲ, ಆದರೂ ಬರುತ್ತೇನೆಂದು ಹಟ ಹಿಡಿದು ಆಟೋದಲ್ಲಿ ಬಂದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದೆವು.

ಮನೆಗೆ ಬಂದಾಗ ಬಚ್ಚಲಲ್ಲಿ ನೀರು ಕಾದಿತ್ತು. ಅತ್ತೆಗೆ ಮೊದಲು ನೀರು ಹಾಕೋಣವೆಂದು ಕರೆದರೆ ಅವರು ಬಚ್ಚಲ ಕಡೆ ಬರಲಿಲ್ಲ. ಗೋಡೆ ಹಿಡಿದು, ನಡುವಿನ ಸಣ್ಣ ಗೇಟು ದಾಟಿ, ಅಕ್ಕೋರ ಅಂಗಳಕ್ಕೆ ಹೋದರು. ಒಣ ಕಡ್ಡಿ ಎಂದೋ ಮುರಿದು ಬಿದ್ದು, ಗುಣಿ ಇದ್ದಲ್ಲಿ ನೆಲ ಒಂದಿಷ್ಟು ತಗ್ಗಾಗಿತ್ತು ಅಷ್ಟೆ. ಅಲ್ಲಿ ಕುಳಿತು ಸೆರಗಿನ ಗಂಟು ಬಿಚ್ಚಿದರು. ಗಂಟಿನಲ್ಲಿ ಒಂದು ಹಿಡಿ ಮಣ್ಣಿತ್ತು. ರುದ್ರಭೂಮಿಯಲ್ಲಿ ಅಕ್ಕೋರನ್ನು ಇಳಿಸಿದ ಗುಣಿಯ ಅಂಚಿನಿಂದ ತಂದದ್ದು. ಒಂದು ಕಾಲಕ್ಕೆ ಅಂಥ ಮಣ್ಣು ಕಂಡು ಚೀರಿದ ಹೆಂಗಸು ಅದನ್ನು ಬರಿಗೈಯಿಂದ ಆ ತಗ್ಗಿನಲ್ಲಿ ಹರವಿದರು.

“ಅತ್ತೀ, ನೀರ ಕಾದಾವು,” ಅಂದೆ. ಬೇರೆ ಏನೂ ತೋಚಲಿಲ್ಲ.

“ನನಗ ಹಾಕ. ಇದಕ್ಕ ಹಾಕಬ್ಯಾಡವಾ,” ಅಂದರು.

ಅವರಿಗೆ ಅಕ್ಕೋರ ಸುಳ್ಳು ಮೊದಲಿನಿಂದಲೂ ಗೊತ್ತಿತ್ತು. ಇಷ್ಟು ವರ್ಷ ಮೊಮ್ಮಗಳು ಎಡವಿದಾಗೆಲ್ಲ, ಮೈ ಬಿಸಿಯಾದಾಗೆಲ್ಲ ಅವರು ಒಬ್ಬರೇ ಅಂಜಿಕೊಂಡು, ಅಕ್ಕೋರ ಎದುರು ಮಾತ್ರ ನಂಬಿದವರ ಹಾಗೆ ನಗುತ್ತ ಇದ್ದರು. ನಾನು ಅವರನ್ನು ಎಬ್ಬಿಸಿ ಬಚ್ಚಲಿಗೆ ಕರೆದುಕೊಂಡು ಬಂದೆ. ಬೆನ್ನಿಗೆ ನೀರು ಹಾಕುವಾಗ ಇಬ್ಬರೂ ಅತ್ತೆವು.

ಆ ತಗ್ಗಿನಲ್ಲಿ ಏನೂ ಹುಟ್ಟಿಲ್ಲ. ಅತ್ತೆ ಈಗ ಹಾಸಿಗೆ ಹಿಡಿದಿದ್ದಾರೆ. ಮಗಳು ಬಾಗಲಕೋಟೆಯಲ್ಲೇ ಕಾಲೇಜಿಗೆ ಹೋಗುತ್ತಾಳೆ, ಸಂಜೆ ಬಸ್ಸು ಸ್ವಲ್ಪ ತಡವಾದರೂ ನಾನು ಒಳಗೂ ಹೊರಗೂ ಓಡಾಡುತ್ತೇನೆ. ಮೊನ್ನೆಯೂ ತಡವಾಯಿತು. ಅಭ್ಯಾಸಬಲದಿಂದ ಅಂಗಳಕ್ಕೆ ಬಂದು ಕಂಪೌಂಡಿಗೆ ಕೈ ಊರಿ ನಿಂತೆ, ಕರೆಯಲು ಬಾಯಿಯನ್ನೂ ತೆರೆದಿದ್ದೆ. ಬಾಡಿಗೆಯವರ ಸೊಸೆ ತಲೆ ಎತ್ತಿ, “ಏನ ಬೇಕಾಗಿತ್ರಿ ಆಂಟಿ?” ಎಂದು ಕೇಳಿದಳು.

ಏನಿಲ್ಲವಾ ಎಂದು ಹೇಳಿ ಒಳಗೆ ಬಂದೆ.